ಫೋಟೊ ಚಂದ ಅದ, ಕೆಳಗೆ ಕನ್ನಡ ಎಲ್ಲದ?

ಚಳಿಗಾಲ ಬಂತಂದ್ರ ಸೊಲ್ಲಾಪುರದಾಗ ಬೆಳಿಗ್ಗೆ ಮೊಬೈಲ್ ಹಿಡಕೊಂಡು ಸುತ್ತೋ ಹುಡುಗ-ಹುಡುಗಿಯರು ಹೆಚ್ಚಾಗ್ತಾರ. ಕೋಟೆ, ಸಿದ್ಧೇಶ್ವರ ಕೆರೆ, ಇಂದ್ರಭುವನ, ಹುತಾತ್ಮರ ಚೌಕ. ಸಂಜೆ ಹೊತ್ತಿಗೆ ಇನ್‌ಸ್ಟಾಗ್ರಾಮ್ ತುಂಬ ಚಂದ ಚಂದ ಚಿತ್ರ. ಕೆಳಗೆ ಏನಿರ್ತದ? ಒಂದು ಹೃದಯದ ಗುರುತು, ಒಂದು ಹಿಂದಿ ಹಾಡು. ಹಾಕಿದವರಲ್ಲಿ ಎಷ್ಟೋ ಜನ ಮನ್ಯಾಗ ಅವ್ವನ ಜೋಡಿ ಕನ್ನಡ ಮಾತಾಡೋರೇ.

ನಮ್ಮ ತಕರಾರು ಫೋಟೊ ಮ್ಯಾಲಲ್ಲ, ಕೆಳಗಿನ ಖಾಲಿ ಜಾಗದ ಮ್ಯಾಲ.

ಸಿದ್ಧೇಶ್ವರ ಗುಡಿಯನ್ನೇ ತೊಗೊಳ್ರಿ. ನೀರಿನ ನಡುವಿನ ಗುಡಿಯ ಚಿತ್ರ ಎಲ್ಲರ ಫೋನಿನಾಗೂ ಅದ. ಆದರೆ ಸಿದ್ಧರಾಮ 12ನೇ ಶತಮಾನದ ಶರಣ, ಕನ್ನಡದಲ್ಲಿ ವಚನ ಬರೆದವರು, ಈ ಊರಿನ ಹಳೆಯ ಹೆಸರು ಸೊನ್ನಲಿಗೆ, ರಾಘವಾಂಕ ಅವರ ಮೇಲೆ ಇಡೀ ಕಾವ್ಯವನ್ನೇ ಬರೆದ ಅನ್ನೋದು ಎಷ್ಟು ಚಿತ್ರಗಳ ಕೆಳಗದ? ಸಂಕ್ರಾಂತಿ ಹಿಂದಿನ ದಿನ ನಂದಿಧ್ವಜಗಳು 68 ಲಿಂಗಗಳಿಗೆ ಹೋಗ್ತಾವಲ್ಲ, ಆ ಎಣ್ಣೆಮಜ್ಜನಕ್ಕ ಮರಾಠಿ ಪತ್ರಿಕೆಗಳೂ 'ಯಣ್ಣೀಮಜ್ಜನ' ಅಂತಲೇ ಬರೀತಾವ. ಎಣ್ಣೆ ಯಾವ ಭಾಷೆಯ ಮಾತು? ಪೇಪರಿನವರು ಉಳಿಸಿಕೊಂಡ ಶಬ್ದವನ್ನ ನಾವು ಟೈಪ್ ಮಾಡಾಕ ನಾಚಿಕೊಳ್ತೀವಿ!

ಹುತಾತ್ಮರ ಚೌಕಕ್ಕ ಹೋದರೆ ನಾಲ್ಕೂ ಹೆಸರು ಬರೀರಿ: ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ, ಕುರ್ಬಾನ್ ಹುಸೇನ್. 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ನಾಲ್ವರನ್ನೂ ಗಲ್ಲಿಗೇರಿಸಿದರು. ಒಂದು ಹೆಸರನ್ನ ಮಾತ್ರ 'ನಮ್ಮವ' ಅಂತ ಬೇರೆ ಮಾಡಬ್ಯಾಡ್ರಿ, ಅದು ಸಣ್ಣತನ.

ಇನ್ನು ಶಾಸನ. ಸೊಲ್ಲಾಪುರ ಜಿಲ್ಲೆಯ ಶಾಸನಗಳನ್ನ ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರ ಸೇರಿ ಪುಸ್ತಕ ಮಾಡ್ಯಾರ, ಅದರಾಗ ಕನ್ನಡದವು ಬೇಕಾದಷ್ಟು. ಕಲ್ಲಿನ ಅಕ್ಷರ ನಡು ಮಧ್ಯಾಹ್ನ ಕಾಣಂಗಿಲ್ಲ. ಬೆಳಗಿನ ಓರೆ ಬಿಸಿಲು ಬಿದ್ದಾಗ ಒಂದೊಂದು ಅಕ್ಷರಕ್ಕೂ ನೆರಳು ಹುಟ್ಟಿ ಎದ್ದು ಕಾಣ್ತದ. ಪಕ್ಕಕ್ಕ ಒಂದು ಸ್ಕೇಲ್ ಇಡ್ರಿ, ನೇರವಾಗಿ ಒಂದು, ಹತ್ತಿರದಿಂದ ನಾಲ್ಕೈದು ತೆಗೀರಿ. ಸುಣ್ಣ, ಚಾಕ್‌ಪೀಸ್, ಎಣ್ಣೆ ಹಚ್ಚಬ್ಯಾಡ್ರಿ, ಕಲ್ಲು ಹಾಳಾಗ್ತದ. ಆ ಮ್ಯಾಲೆ ಊರು, ಜಾಗ, ತಾರೀಖು ಕನ್ನಡದಲ್ಲಿ ಬರೆದು ವಿಕಿಮೀಡಿಯ ಕಾಮನ್ಸ್‌ಗೆ ಏರಿಸ್ರಿ. ಇನ್‌ಸ್ಟಾದ ಸ್ಟೋರಿ 24 ತಾಸಿಗೆ ಮಾಯ, ಇದು ಹುಡುಕಿದವರಿಗೆ ಸಿಗ್ತದ.

'ಕನ್ನಡದಾಗ ಬರೆದ್ರ ಮರಾಠಿ ಗೆಳೆಯರಿಗೆ ತಿಳಿಯಂಗಿಲ್ಲ' ಅಂತೀರೇನು? ಕೆಳಗೆ ಮರಾಠಿಯಲ್ಲೂ ಬರೀರಿ, ಯಾರು ಬ್ಯಾಡಂದ್ರು? ಎರಡೂ ಬಲ್ಲವರು ನಾವೇ ತಾನೆ. ಆದರೆ ನಾಳೆ ಯಾರೋ ಕನ್ನಡ ಲಿಪಿಯಲ್ಲಿ 'ಸೊಲ್ಲಾಪುರ' ಅಂತ ಹುಡುಕಿದಾಗ ಏನೂ ಸಿಗದಿದ್ದರೆ, ಇಲ್ಲಿ ಕನ್ನಡದವರು ಇರಲೇ ಇಲ್ಲ ಅಂತ ಹೇಳೋರಿಗೆ ಬೇರೆ ಸಾಕ್ಷಿ ಬೇಕಾಗಂಗಿಲ್ಲ.

ಈ ಸಲ ಜನವರಿ 12ಕ್ಕ ಚೌಕದಿಂದ ಶುರು ಮಾಡ್ರಿ, ಅಲ್ಲಿಂದ ಕೆರೆಗೆ ನಡಕೊಂಡೇ ಹೋಗಬಹುದು. ಅಕ್ಕಲಕೋಟೆ, ಜತ್ತದ ಗೆಳೆಯರು ತಮ್ಮೂರಿನ ಗುಡಿ, ಕಲ್ಲುಗಳದು ಹಾಕ್ರಿ. ನಾಲ್ಕು ಸಾಲು ಸಾಕು, ತಪ್ಪಿದ್ರ ತಿದ್ದಾಕ ನಾವಿದ್ದೀವಿ.