ಗೆಜ್ಜೆ ಬಿಚ್ಚದೆ ಗಿಟಾರ್ ಹಿಡಿದ ಹುಡುಗ!

ಗೆಳೆಯರೇ, ಸಿನಿಮಾದ ಕಾಲೇಜು ನಿಮಗೆಲ್ಲ ಗೊತ್ತೇ ಇದೆ. ಅಲ್ಲಿ ಪಾಠ ಇರೋದಿಲ್ಲ. ಲ್ಯಾಬ್ ಇರೋದಿಲ್ಲ. ಹಾಜರಿ ಕರೆಯೋರೂ ಇಲ್ಲ! ಸಿಡುಕು ಮೋರೆಯ ಒಬ್ಬ ಪ್ರಿನ್ಸಿಪಾಲ್, ಪೆದ್ದು ಪೆದ್ದಾದ ಒಬ್ಬ ಮೇಷ್ಟ್ರು, ಒಂದು ವಾರ್ಷಿಕೋತ್ಸವ... ಮುಗೀತು. ಹೀರೋ ಗಿಟಾರ್ ಹಿಡಿದು ವೇದಿಕೆ ಹತ್ತುತ್ತಾನೆ, ಹೀರೋಯಿನ್ ಮುಂದಿನ ಸಾಲಿನಲ್ಲಿ ಕಣ್ಣರಳಿಸಿ ಕೂತಿರುತ್ತಾಳೆ. ಆ ಗಿಟಾರ್ ಎಲ್ಲಿಂದ ಬಂತು, ಯಾರ ಹತ್ತಿರ ಕಲಿತ, ತಂತಿ ಒತ್ತಿ ಒತ್ತಿ ಬೆರಳ ತುದಿ ಎಷ್ಟು ದಿನ ಉರಿಯಿತು... ಇದನ್ನೆಲ್ಲ ಯಾವ ಡೈರೆಕ್ಟರೂ ತೋರಿಸೋದಿಲ್ಲ.

1981ರಲ್ಲಿ ‘ಗೀತಾ’ ಬಂತು. ಶಂಕರ್‌ನಾಗ್ ಗಿಟಾರ್ ಹಿಡಿದು ನಿಂತ ಆ ಭಂಗಿಗೆ ಇಡೀ ಕರ್ನಾಟಕದ ಹುಡುಗರು ಮರುಳಾದರು. ಹಾಗೆ ಕೂದಲು ಬಿಟ್ಟವರು ಸಾವಿರಾರು ಜನ. ಗಿಟಾರ್ ಕಲಿತವರು ಎಷ್ಟು? ಕೈಬೆರಳು ಸಾಕು ಎಣಿಸೋಕೆ!

ಈ ವಾರ ನನ್ನ ಕಾಲಂ ಆ ಕತ್ತರಿಸಿ ಬಿಸಾಡಿದ ರೀಲಿನ ಮೇಲೆ. ಬ್ಯಾಂಡ್ ಕಟ್ಟುವ ಮುಂಚಿನ ವರ್ಷಗಳು. ಯೂನಿವರ್ಸಿಟಿಯ ವರ್ಷಗಳು.

* * *

ಈ ವಿಷಯ ಎತ್ತಿಕೊಂಡದ್ದಕ್ಕೆ ಕಾರಣ ಒಬ್ಬ ಹುಡುಗ. ಹೋದ ತಿಂಗಳು ಕಲಬುರಗಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿ ಪಕ್ಕ ಸುಸಲಾ-ಮಿರ್ಚಿ ತಿನ್ನುತ್ತ ನಿಂತಿದ್ದಾಗ ಈ ಹುಡುಗ ಹತ್ತಿರ ಬಂದ. ಕೈಯಲ್ಲಿ ನಮ್ಮ ಪತ್ರಿಕೆ.

“ಅಣ್ಣಾರ, ಒಂದ ಮಾತ ಕೇಳ್ಲಿ? ನಾ ಕಮಲಾಪುರದಾಂವ ರೀ. ದಿನಾ ಬಸ್ಸಿಗೆ ಬಂದು ಹೋಗಿ ಮಾಡ್ತೀನಿ. ಎಂ.ಎಸ್ಸಿ. ಕಡೀ ವರ್ಷ. ಆದ್ರ ಮನಸ್ಸೆಲ್ಲ ಹಾಡಿನ ಮ್ಯಾಲೇ ಅದ ರೀ.”

ಕಮಲಾಪುರ ಅಂದರೆ ಹುಮನಾಬಾದ್ ರಸ್ತೆಯಲ್ಲಿ, ಕಲಬುರಗಿಯಿಂದ ಸುಮಾರು 35 ಕಿಲೋಮೀಟರ್. ಈಗ ತಾಲೂಕು ಕೇಂದ್ರ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಇವನ ಅಪ್ಪನದೂ ಅದೇ ಬಾಳೆಯ ಬೇಸಾಯ. ಹುಡುಗ ಓದುತ್ತಿರುವುದು ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ. 2014ರಲ್ಲಿ ಊರಿನ ಹೆಸರು ಕಲಬುರಗಿ ಆದರೂ 1980ರಲ್ಲಿ ಹುಟ್ಟಿದ ಯೂನಿವರ್ಸಿಟಿ ಹಳೇ ಹೆಸರನ್ನೇ ಇಟ್ಟುಕೊಂಡಿದೆ. ಅದಿರಲಿ.

“ಬೆಂಗಳೂರಿನಾಗ ನಮ್ಮ ದೋಸ್ತ ಒಬ್ಬ ಬ್ಯಾಂಡ್ ಕಟ್ಲಕತ್ತಾನ. ಈಗೇ ಬಾ ಅಂತಾನ. ಇಲ್ಲಿ ನೋಡಿದ್ರ ಫೀ ಕಟ್ಟು ಅಂತ ಅಪ್ಪ ರೊಕ್ಕ ಕೊಟ್ಟಾನ. ಕಿಸೇದಾಗ ಅದ. ಇದರಾಗ ಒಂದು ಗಿಟಾರ್ ಬರ್ತದ, ರೈಲಿನ ಟಿಕೀಟೂ ಬರ್ತದ. ಏನ್ ಮಾಡ್ಲಿ?”

ನಾನು ಮಿರ್ಚಿ ಕೆಳಗಿಟ್ಟೆ. ಅವನು ಇನ್ನೂ ಒಂದು ಮಾತು ಸೇರಿಸಿದ.

“ನಿನ್ನ ಕಲಬುರಗಿ ಭಾಷಾ ಅಲ್ಲೇ ಬಿಟ್ಟು ಬಾ, ಇಲ್ಲಿ ಜನ ನಗ್ತಾರ ಅಂತನೂ ಅಂದಾನ ರೀ.”

ಫೀ ರೊಕ್ಕದ ಪ್ರಶ್ನೆಗಿಂತ ಇದು ನನಗೆ ಹೆಚ್ಚು ಚುಚ್ಚಿತು. ಅವನಿಗೆ ನಾನು ಹೇಳಿದ್ದು ಮೈಸೂರಿನ ಒಬ್ಬ ಹುಡುಗನ ಕಥೆ. ನಿಮಗೂ ಹೇಳುತ್ತೇನೆ.

* * *

‘ಲವ್ ಮಾಕ್‌ಟೇಲ್’ ನೋಡಿದ್ದೀರಲ್ಲ? 2020ರ ಚಿತ್ರ. 2010ರಲ್ಲಿ ಬಂದ ಸುದೀಪ್-ರಮ್ಯಾ ಜೋಡಿಯ ‘ಜಸ್ಟ್ ಮಾತ್ ಮಾತಲ್ಲಿ’? ಅದಕ್ಕೂ ಮುಂಚೆ 2008ರ ‘ಸೈಕೋ’? ಮೂರಕ್ಕೂ ಸಂಗೀತ ಕೊಟ್ಟವರು ರಘು ದೀಕ್ಷಿತ್. ಲುಂಗಿ ಉಟ್ಟು, ಗಿಟಾರ್ ನೇತುಹಾಕಿಕೊಂಡು, ವೇದಿಕೆ ತುಂಬ ಕುಣಿದಾಡುವ ರಾಕ್ ಹಾಡುಗಾರ. ಅವರ ಕಾಲು ನೋಡಿದ್ದೀರಾ? ಗೆಜ್ಜೆ ಇರುತ್ತೆ! ರಾಕ್ ವೇದಿಕೆಯ ಮೇಲೆ ಗೆಜ್ಜೆ!

ಆ ಗೆಜ್ಜೆ ಯಾವ ಸ್ಟೈಲಿಗೂ ಬಂದದ್ದಲ್ಲ. ಅದಕ್ಕೊಂದು ಹಿನ್ನೆಲೆ ಇದೆ.

ರಘು ಹುಟ್ಟಿದ್ದು 1974ರಲ್ಲಿ, ನಾಸಿಕದಲ್ಲಿ. ಬೆಳೆದದ್ದು ಮೈಸೂರಿನಲ್ಲಿ. ಸಂಪ್ರದಾಯಸ್ಥರ ಮನೆ. ಆ ಮನೆಯ ಹುಡುಗ ಕಲಿತದ್ದು ಭರತನಾಟ್ಯ. ಹಾಗೆ ಸುಮ್ಮನೆ ನಾಲ್ಕು ಹೆಜ್ಜೆಯಲ್ಲ, ವಿದ್ವತ್ ಪರೀಕ್ಷೆಯವರೆಗೆ! ಇನ್ನು ಓದು? ಮೈಸೂರು ವಿಶ್ವವಿದ್ಯಾಲಯದಲ್ಲಿ ಮೈಕ್ರೋಬಯಾಲಜಿ ಎಂ.ಎಸ್ಸಿ. ಅದರಲ್ಲೂ ಚಿನ್ನದ ಪದಕ!

ಇಷ್ಟು ಹೊತ್ತೂ ಗಿಟಾರ್ ಎಲ್ಲಿ ಅಂತ ಕೇಳಬೇಡಿ. ಬರ್ತಾ ಇದೆ.

ಕಾಲೇಜಿನಲ್ಲಿದ್ದಾಗ ಗಿಟಾರ್ ನುಡಿಸುವ ಗೆಳೆಯನೊಬ್ಬ ಇವರನ್ನು ಹೀಯಾಳಿಸಿದನಂತೆ. ಭರತನಾಟ್ಯ ಹುಡುಗಿಯರ ಕೆಲಸ, ಗಂಡಸಾದವನು ಗೆಜ್ಜೆ ಕಟ್ಟುತ್ತಾನಾ ಅಂತ. ಈ ಪ್ರಸಂಗವನ್ನು ರಘು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ನಮ್ಮ ಸಿನಿಮಾ ಆಗಿದ್ದರೆ ಇಲ್ಲೊಂದು ಫೈಟ್ ಬರುತ್ತಿತ್ತು. ರಘು ಪಣ ತೊಟ್ಟರು: ನೋಡ್ತಾ ಇರು, ಈ ಗಿಟಾರ್ ಕಲಿತು ನಿನ್ನ ಮುಂದೆ ನುಡಿಸ್ತೀನಿ! ಕಲಿತರು. ಗೆದ್ದರು.

ಪಣ ಗೆದ್ದ ಮೇಲೆ ಗಿಟಾರ್ ಮೂಲೆಗೆ ಹೋಗಲಿಲ್ಲ, ಜೊತೆಗೇ ಉಳಿಯಿತು. ಇನ್ನೂ ದೊಡ್ಡ ಸಂಗತಿ, ಗಿಟಾರ್ ಬಂತು ಅಂತ ಗೆಜ್ಜೆಯನ್ನು ಬಾವಿಗೆ ಎಸೆಯಲಿಲ್ಲ. ನಗೆಪಾಟಲಾದ ಅದೇ ಗೆಜ್ಜೆ ಮುಂದೆ ಅವರ ಗುರುತಾಯಿತು.

1990ರ ದಶಕದ ಕೊನೆಗೆ ಪಿಟೀಲು ವಾದಕ ಎಚ್.ಎನ್. ಭಾಸ್ಕರ್ ಜೊತೆ ಸೇರಿ ‘ಅಂತರಾಗ್ನಿ’ ಅನ್ನೋ ಬ್ಯಾಂಡ್ ಕಟ್ಟಿದರು. ಕರ್ನಾಟಕ ಸಂಗೀತದ ಪಿಟೀಲು, ಪಣಕ್ಕೆ ಕಲಿತ ಗಿಟಾರು! ಆಮೇಲೆ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಬಂತು.

ಬ್ಯಾಂಡ್ ಕಟ್ಟಿದ ತಕ್ಷಣ ಕ್ಯಾಸೆಟ್ಟು, ಕಾರು, ಬಂಗಲೆ ಅಂದುಕೊಂಡಿರಾ? ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಸರಿಸುಮಾರು 10 ವರ್ಷ! ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಇವರ ಹಾಡು ಕೇಳಿ ಮೆಚ್ಚಿ, ತಮ್ಮದೇ ಕಂಪನಿಯಿಂದ ಆ ಆಲ್ಬಂ ಹೊರತಂದರು. ಅದರಲ್ಲಿ ಒಂದು ಇಂಗ್ಲಿಷ್ ಹಾಡಿನ ಹೆಸರೇ ‘ಮುಂಬಯಿಯಲ್ಲಿ, ಪವಾಡಕ್ಕೆ ಕಾಯುತ್ತ’ ಎಂಬರ್ಥದ್ದು. ಕಾದವರಿಗೇ ಗೊತ್ತು ಆ ಹೆಸರಿನ ಬೆಲೆ.

* * *

ಈಗ ಫೀ ರೊಕ್ಕದ ವಿಷಯಕ್ಕೆ ಬರೋಣ. 10 ವರ್ಷ ಹೊಟ್ಟೆಗೆ ಏನು ಮಾಡೋದು?

ರಘು ಕೈಯಲ್ಲಿ ಎಂ.ಎಸ್ಸಿ. ಇತ್ತು. ಅದೇ ಅವರಿಗೆ ಔಷಧ ಕ್ಷೇತ್ರದ ಕೆಲಸ ಕೊಡಿಸಿತು. ಆ ಕೆಲಸವೇ ಬೆಲ್ಜಿಯಂ ದೇಶಕ್ಕೆ ಕರೆದುಕೊಂಡು ಹೋಯಿತು. ಆ ಬೆಲ್ಜಿಯಂನಲ್ಲೇ ರೇಡಿಯೋದಲ್ಲಿ ಇವರ ಹಾಡು ಕೇಳಿಸಿತು, ಪರದೇಶದ ಜನ ಮೆಚ್ಚಿದರು. ಆಗ ಧೈರ್ಯ ಬಂತು. ಕೆಲಸ ಬಿಟ್ಟು ಹಾಡಿಗೆ ನಿಂತರು. ಲೆಕ್ಕ ಹಾಕಿ ನೋಡಿ ಗೆಳೆಯರೇ. ಮೈಕ್ರೋಸ್ಕೋಪಿನಿಂದ ಮೈಕಿನವರೆಗೆ ನೇರ ದಾರಿಯೇ ಇದೆ! ಡಿಗ್ರಿ ಯಾರನ್ನೂ ಹಾಡುಗಾರನನ್ನಾಗಿ ಮಾಡೋದಿಲ್ಲ, ಸರಿ. ಹಾಡುಗಾರ ಆಗುವವರೆಗೆ ಊಟ ಹಾಕುತ್ತೆ.

ಹೊರಗಿನವರದೂ ಹಾಗೇ. ‘ದಿ ಡೋರ್ಸ್’ ಬ್ಯಾಂಡಿನ ಜಿಮ್ ಮಾರಿಸನ್ ಓದಿದ್ದು ಏನು ಗೊತ್ತಾ? ಸಿನಿಮಾ! ಅಮೆರಿಕದ ಲಾಸ್ ಏಂಜಲಿಸ್ ಯೂನಿವರ್ಸಿಟಿಯ ಫಿಲ್ಮ್ ವಿಭಾಗದಲ್ಲಿ 1965ರಲ್ಲಿ ಪದವಿ ಮುಗಿಸಿದ. ಅಲ್ಲೇ ಓದುತ್ತಿದ್ದ ರೇ ಮಂಜರೆಕ್ ಆ ಬೇಸಿಗೆಯಲ್ಲಿ ಕಡಲ ದಂಡೆಯಲ್ಲಿ ಎದುರಾದ. ಜಿಮ್ ತಾನು ಬರೆದದ್ದನ್ನು ಹಾಡಿ ತೋರಿಸಿದ. ಬ್ಯಾಂಡ್ ಹುಟ್ಟಿತು. ಕ್ಲಾಸಿನಲ್ಲಿ ಸಿಕ್ಕ ಗೆಳೆಯ ಅದಕ್ಕೆ ಕಾರಣ! ಅದೇ ಮಾರಿಸನ್ 1971ರಲ್ಲಿ ಪ್ಯಾರಿಸ್ಸಿನಲ್ಲಿ 27ನೇ ವಯಸ್ಸಿಗೇ ತೀರಿಕೊಂಡ ಅನ್ನೋದೂ ನೆನಪಿರಲಿ.

2018ರ ‘ಬೊಹೀಮಿಯನ್ ರ‍್ಯಾಪ್ಸೊಡಿ’ ಚಿತ್ರ ನೋಡಿದವರಿಗೆ ‘ಕ್ವೀನ್’ ಗೊತ್ತು. ಫ್ರೆಡ್ಡಿ ಮರ್ಕ್ಯುರಿ ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗನಿಯಲ್ಲಿ ಶಾಲೆ ಓದಿದವನು. ಲಂಡನ್ನಿನಲ್ಲಿ ಚಿತ್ರಕಲೆಯ ಡಿಪ್ಲೊಮಾ ಮುಗಿಸಿದ್ದು 1969ರಲ್ಲಿ. ಮರುವರ್ಷ ಬ್ಯಾಂಡ್. ಆ ಬ್ಯಾಂಡಿನ ಲಾಂಛನ ಬರೆದದ್ದೂ ಅವನೇ! ಗಿಟಾರಿನ ಬ್ರಯಾನ್ ಮೇ ಭೌತಶಾಸ್ತ್ರದ ಪಿಎಚ್.ಡಿ. ಅರ್ಧಕ್ಕೆ ಬಿಟ್ಟು ಬ್ಯಾಂಡಿಗೆ ಹೋದ. 30 ವರ್ಷ ದಾಟಿದ ಮೇಲೆ ವಾಪಸು ಬಂದು 2007ರಲ್ಲಿ ಮುಗಿಸಿದ. ಬಿಟ್ಟದ್ದು ಮನಸ್ಸಿನಲ್ಲಿ ಕೊರೆಯುತ್ತಿತ್ತು ಅಂತಲೇ ಅಲ್ಲವೇ?

* * *

ಇನ್ನು ಆ ಭಾಷೆಯ ಮಾತು.

ರಘು ದೀಕ್ಷಿತ್ ಇಂಗ್ಲಿಷಿನಲ್ಲಿ ಹಾಡಿದರು, ಹಿಂದಿಯಲ್ಲಿ ಹಾಡಿದರು. ಆದರೆ ಕನ್ನಡದಲ್ಲಿ ಅವರಿಗೆ ದೊಡ್ಡ ಹೆಸರು ತಂದವು ಶಿಶುನಾಳ ಷರೀಫರ ತತ್ವಪದಗಳು. 1819ರಲ್ಲಿ ಹುಟ್ಟಿದ ಸಂತನ ಪದ, ಇಂದಿನ ಡ್ರಮ್ಮು, ಗಿಟಾರು! 2010ರಲ್ಲಿ ಲಂಡನ್ನಿನ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದರು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರ ಪ್ರಶಸ್ತಿ ಬಂತು. ಅಲ್ಲಿಯ ಜನಕ್ಕೆ ಇಂಗ್ಲಿಷ್ ಹಾಡಿಗೇನು ಬರವೇ? ತಮ್ಮಲ್ಲಿ ಇಲ್ಲದ್ದನ್ನು ಅವರು ಕೇಳಿದರು.

ಅಂದ ಹಾಗೆ, 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಬಂದಾಗ ಷರೀಫರ ಪಾತ್ರ ಮಾಡಿದ ಶ್ರೀಧರ್ ಕೂಡ ಭರತನಾಟ್ಯ ಕಲಾವಿದರೇ! ಗೆಜ್ಜೆ ಕಟ್ಟಿದವರಿಗೂ ಷರೀಫರಿಗೂ ಏನೋ ನಂಟಿದೆ ಅಂತ ಕಾಣುತ್ತೆ.

ನಾನು ಆ ಹುಡುಗನಿಗೆ, “ಒಂದು ಹಾಡು ಹಾಡಪ್ಪ” ಅಂದೆ. ಹಿಂದಿ ಸಿನಿಮಾದ್ದೊಂದು ಹಾಡಿದ. ಚೆನ್ನಾಗಿತ್ತು. ಮೊಬೈಲಿನಲ್ಲಿ ಕೇಳಿದ ಹಾಗೇ ಇತ್ತು. “ಮನ್ಯಾಗ ಏನು ಹಾಡ್ತಾರೋ ತಮ್ಮಾ?” ಅಂತ ಕೇಳಿದೆ. ನಾಚಿಕೊಂಡ. “ಮುತ್ಯಾ ಭಜನಿಗೆ ಹೋಗ್ತಿದ್ದ ರೀ. ಕಡಕೋಳ ಮಡಿವಾಳಪ್ಪನ ಪದ ಹೇಳ್ತಿದ್ದ...” ಅಂದ. “ಅದನ್ನೇ ಹೇಳು.”

ಹೇಳಿದ. ಅವನದೇ ಕಲಬುರಗಿ ಉಚ್ಚಾರದಲ್ಲಿ, ಎಳೆದು, ತುಂಡರಿಸಿ, ಮತ್ತೆ ಎಳೆದು. ಬೀದರ್ ಬಸ್ಸು ಹೊರಡುವ ಗದ್ದಲ, ಕಂಡಕ್ಟರ್ ಕೂಗು. ಬೆಂಚಿನಲ್ಲಿ ಕೂತಿದ್ದ ಮುದುಕರೊಬ್ಬರು ತಿರುಗಿ ನೋಡದೆಯೇ ಮೊಣಕಾಲ ಮೇಲೆ ತಾಳ ಹಾಕತೊಡಗಿದರು. ಹಿಂದಿ ಹಾಡಿಗೆ ಅವರ ಕೈ ಏಳಲಿಲ್ಲ!

ಈ ನೆಲ ಎಂಥದ್ದು ಅಂತ ನಮ್ಮ ಹುಡುಗರಿಗೇ ಮರೆತುಹೋಗಿದೆ. ಕಡಕೋಳ ಇದೇ ಜಿಲ್ಲೆಯ ಊರು. ಮಡಿವಾಳಪ್ಪನವರ ಶಿಷ್ಯರ ಸಾಲಿನಲ್ಲಿ ಚೆನ್ನೂರ ಜಲಾಲಸಾಹೇಬರೂ ಬರುತ್ತಾರೆ. ಇತ್ತ ಬಂದೇನವಾಜರ ದರ್ಗಾ, ಕವ್ವಾಲಿ. ಅತ್ತ ಶರಣಬಸವೇಶ್ವರರ ಗುಡಿ, ವಚನ, ಭಜನೆ. ಕನ್ನಡ, ಉರ್ದು, ಪಕ್ಕದ ಮರಾಠಿ, ತೆಲುಗು... ಎಲ್ಲ ಒಂದೇ ಚಹಾದಂಗಡಿಯಲ್ಲಿ ಕಿವಿಗೆ ಬೀಳುತ್ತವೆ. ಇಷ್ಟೆಲ್ಲ ಇಟ್ಟುಕೊಂಡು ಬೆಂಗಳೂರಿಗೆ ಬರಿಗೈಲಿ ಬಾ ಅಂದರೆ ಹೇಗೆ?

* * *

ಹಾಗಾದರೆ ಮಾಡೋದೇನು? ಬ್ಯಾಂಡ್ ಕನಸು ಕಾಣುವ ಎಲ್ಲ ತಮ್ಮಂದಿರಿಗೂ ನನ್ನ ಮಾತು ಇಷ್ಟು.

ಒಂದು. ಫೀ ಕಟ್ಟಿ. ಅದು ಅಪ್ಪನ ಬೆವರಿನ ರೊಕ್ಕ ಅನ್ನೋದು ಒಂದು ಕಾರಣ. ಯೂನಿವರ್ಸಿಟಿಯಲ್ಲಿ ಸಿಗುವಷ್ಟು ಪುಕ್ಕಟೆ ಸಮಯ, ಪುಕ್ಕಟೆ ಸಭಾಂಗಣ, ಪುಕ್ಕಟೆ ಪ್ರೇಕ್ಷಕರು ಜೀವಮಾನದಲ್ಲಿ ಮತ್ತೆ ಸಿಗೋದಿಲ್ಲ ಅನ್ನೋದು ಇನ್ನೊಂದು. ಹಾಸ್ಟೆಲ್ ಹುಡುಗರ ಹಾಗೆ ಮುಖಕ್ಕೆ ಹೊಡೆದಂತೆ “ಸಾಕು ನಿಲ್ಸೋ!” ಅನ್ನುವ ವಿಮರ್ಶಕರು ಯಾವ ಪೇಟೆಯಲ್ಲಿದ್ದಾರೆ?

ಎರಡು. ಯುವಜನೋತ್ಸವಕ್ಕೆ ಹೆಸರು ಕೊಡಿ. ವಿಶ್ವವಿದ್ಯಾಲಯಗಳ ಯುವಜನೋತ್ಸವದಲ್ಲಿ ಪಾಶ್ಚಾತ್ಯ ಗಾಯನ ಉಂಟು, ಸಮೂಹ ಗಾನ ಉಂಟು, ಜನಪದ ವಾದ್ಯಮೇಳವೂ ಉಂಟು. ಸೋತರೂ ಚಿಂತೆಯಿಲ್ಲ. ನಿಮ್ಮ ಡ್ರಮ್ಮರ್, ನಿಮ್ಮ ಕೀಬೋರ್ಡಿನವನು ಅಲ್ಲೇ ಯಾವುದೋ ಕಾಲೇಜಿನ ತಂಡದಲ್ಲಿ ನಿಂತಿರುತ್ತಾನೆ. ರಘುಗೆ ಭಾಸ್ಕರ್, ಜಿಮ್‌ಗೆ ರೇ ಸಿಕ್ಕ ಹಾಗೆ.

ಮೂರು. ಹಳೇ ಗಿಟಾರ್ ಒಂದು ಹುಡುಕಿ. ಭಾನುವಾರ ಗೆಳೆಯರು ಕೂಡಿ ಅಭ್ಯಾಸ ಮಾಡಿ. ಅದಕ್ಕೆ ಯಾವ ರೈಲೂ ಹತ್ತಬೇಕಿಲ್ಲ.

ನಾಲ್ಕು. ನಿಮ್ಮ ಮುತ್ಯಾನ ಪದ, ಅಜ್ಜಿಯ ಬೀಸುಕಲ್ಲಿನ ಪದ ನೋಟುಬುಕ್ಕಿಗೆ ಇಳಿಸಿಕೊಳ್ಳಿ, ಮೊಬೈಲಿಗೆ ತುಂಬಿಕೊಳ್ಳಿ. ಹೇಳುವವರು ಇರುವಾಗಲೇ! ಡಿಗ್ರಿ ಕಾಯುತ್ತೆ, ಬೆಂಗಳೂರು ಕಾಯುತ್ತೆ, ಮುತ್ಯಾ ಕಾಯೋದಿಲ್ಲ.

ಐದು. ನಿಮ್ಮಲ್ಲಿ ಯಾವುದನ್ನು ನೋಡಿ ನಾಲ್ಕು ಜನ ನಗುತ್ತಾರೋ ಅದನ್ನು ಬಿಸಾಡುವ ಮುಂಚೆ ಹತ್ತು ಸಲ ಯೋಚನೆ ಮಾಡಿ. ಗೆಜ್ಜೆ ಇರಲಿ, ಭಾಷೆ ಇರಲಿ. ನಾಳೆ ಅದೇ ನಿಮ್ಮ ಪೋಸ್ಟರ್ ಆದೀತು.

ಕೆಂಪು ಬಾಳೆ ಬೆಳೆಯುವವರನ್ನು ಕೇಳಿ ನೋಡಿ. ಬೇರೆ ಬಾಳೆಗೆ ವರ್ಷ ಸಾಕು, ಇದಕ್ಕೆ ಹತ್ತಿರ ಹತ್ತಿರ ಒಂದೂವರೆ ವರ್ಷ. ಹಾಗಂತ ಯಾವ ರೈತನೂ ಗಿಡ ಕಿತ್ತು ಬೇರೆ ಊರಿಗೆ ಒಯ್ಯೋದಿಲ್ಲ. ಕಾಯುತ್ತಾನೆ, ನೀರು ಹಾಯಿಸುತ್ತಾನೆ.

ನಿಮ್ಮ ಕಾಲೇಜಿನಲ್ಲೂ ಇಂಥ ಹಾಡುಗಾರ ಗೆಳೆಯ ಇದ್ದರೆ ಈ ಪುಟ ಅವನ ಕೈಗೆ ಕೊಡಿ. ಬ್ಯಾಂಡಿಗೆ ಹೆಸರು ಹುಡುಕುವುದು ಆಮೇಲಾಗಲಿ, ಮೊದಲು ತನ್ನದು ಅನ್ನೋ ಒಂದು ಹಾಡು ಹುಡುಕಲಿ ಅನ್ನಿ. ಸಿಕ್ಕರೆ ನನಗೊಂದು ಕಾಗದ ಬರೆಯಲಿ. ಕೇಳೋಕೆ ಟಿಕೀಟು ತಗೊಂಡೇ ಬರುತ್ತೇನೆ!