ಶಾಲೆಯ ಸುದ್ದಿ, ಮನೆಯ ಬಾಗಿಲು

ಸಖರಾಯಪಟ್ಟಣದ ಸೀಮೆಯಲ್ಲಿ ಅಯ್ಯನಕೆರೆಯ ಕಥೆಯನ್ನು ಕೇಳದವರು ವಿರಳ. ಬಾಬಾಬುಡನ್‌ಗಿರಿಯ ತಪ್ಪಲಿನಲ್ಲಿ ಹಬ್ಬಿರುವ ಆ ಕೆರೆಯನ್ನು ರುಕ್ಮಾಂಗದರಾಯನು ಕಟ್ಟಿಸಿದನೆಂದು ಹೇಳುತ್ತಾರೆ. ಒಮ್ಮೆ ಕೆರೆಯ ದೇವತೆ ಏರಿಯನ್ನು ಒಡೆದುಕೊಂಡು ಹೊರಡಲು ಅಣಿಯಾದಾಗ, ಕಾವಲಿದ್ದ ನೀರುಗಂಟಿಯು ತಾನು ಪಟ್ಟಣಕ್ಕೆ ಹೋಗಿ ಅರಸನಿಗೆ ತಿಳಿಸಿ ಬರುವವರೆಗೆ ತಾಳಬೇಕೆಂದು ಬೇಡಿಕೊಂಡು, ಅವಳಿಂದ ಮಾತು ಪಡೆದು, ಓಡೋಡಿ ಬಂದು ಸುದ್ದಿ ಮುಟ್ಟಿಸಿದನಂತೆ. ಅವನು ಹಿಂದಿರುಗದಿದ್ದರೆ ಕೆರೆ ಉಳಿಯುತ್ತದೆಂದು ಅರಿತವರು ಅವನ ಪ್ರಾಣವನ್ನೇ ತೆಗೆದರಂತೆ. ಇಂಥ ಕಥೆ ನಾಡಿನ ಬೇರೆ ಕೆರೆಗಳಿಗೂ ಅಂಟಿಕೊಂಡಿದೆ. ಅದರ ಸತ್ಯಾಸತ್ಯವನ್ನು ವಿಚಾರಿಸುವ ಹಂಬಲ ನಮಗಿಲ್ಲ. ಬಲಿಯ ಭಾಗವನ್ನೇ ನಮ್ಮ ಜನ ನೆನಪಿಟ್ಟುಕೊಂಡಿದ್ದಾರೆ. ಆದರೆ ಅದಕ್ಕೆ ಮುಂಚಿನ ಓಟವೂ ಆ ಕಥೆಯಲ್ಲಿ ಉಂಟು. ತಿಳಿಯಬೇಕಾದವರಿಗೆ ಹೊತ್ತು ಮೀರುವುದಕ್ಕೆ ಮುಂಚೆ ತಿಳಿಯಲೆಂದು ಒಬ್ಬನು ರಾತ್ರಿ ಕೆರೆಯೇರಿಯಿಂದ ಪಟ್ಟಣದವರೆಗೆ ಓಡಿದನು.

ಇಂದು ನಾವು ಹೇಳಹೊರಟಿರುವುದು ಮಾಧ್ಯಮಿಕ ತರಗತಿಗಳಿಗೆ ಮಕ್ಕಳನ್ನು ಕಳುಹಿಸುತ್ತಿರುವ ಮನೆಗಳನ್ನು ಕುರಿತು. ಹಿಂದಿನ ಮೈಸೂರು ಸಂಸ್ಥಾನದವರು ‘ಮಿಡ್ಲ್ ಸ್ಕೂಲು’ ಎಂದು ಕರೆಯುತ್ತಿದ್ದ ಘಟ್ಟವದು; ಈಗಿನ ಲೆಕ್ಕದಲ್ಲಿ ಆರು, ಏಳು, ಎಂಟನೆಯ ತರಗತಿಗಳು. ಒಂದನೆಯ ತರಗತಿಗೆ ಮಗುವನ್ನು ಸೇರಿಸುವಾಗ ಮನೆಯವರೆಲ್ಲ ಜೊತೆಗೆ ಹೋಗುತ್ತಾರೆ. ಹತ್ತನೆಯ ತರಗತಿ ಬಂದಿತೆಂದರೆ ಪರೀಕ್ಷೆಯ ಭಯದಿಂದ ನೆರೆಹೊರೆಯವರೂ ವಿಚಾರಿಸುತ್ತಾರೆ. ನಡುವಿನ ಈ ಮೂರು ವರ್ಷಗಳನ್ನು ಮಾತ್ರ ಯಾರೂ ಲಕ್ಷ್ಯಕ್ಕೆ ತಂದುಕೊಳ್ಳುವುದಿಲ್ಲ. ವಿಪರ್ಯಾಸವೆಂದರೆ, ಬಡವರ ಮಕ್ಕಳಿಗೆ ಸರ್ಕಾರ ತೆರೆದಿರುವ ಬಾಗಿಲುಗಳಲ್ಲಿ ಹೆಚ್ಚಿನವು ಈ ವರ್ಷಗಳಲ್ಲಿ, ಇಲ್ಲವೇ ಇವುಗಳ ಹೊಸ್ತಿಲಲ್ಲಿ, ತೆರೆಯುತ್ತವೆ. ಕೆಲವು ವಾರಗಳಲ್ಲಿ ಮುಚ್ಚಿಯೂ ಹೋಗುತ್ತವೆ.

ಒಂದನ್ನು ವಿವರವಾಗಿ ಹೇಳುವುದು ಒಳ್ಳೆಯದು. ಕೇಂದ್ರ ಸರ್ಕಾರವು 2008ರಲ್ಲಿ ಆರಂಭಿಸಿದ ವಿದ್ಯಾರ್ಥಿವೇತನವೊಂದುಂಟು, ಎನ್.ಎಂ.ಎಂ.ಎಸ್. ಎಂಬ ನಾಲ್ಕಕ್ಷರಗಳಿಂದ ಅದನ್ನು ಕರೆಯುತ್ತಾರೆ. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳಲ್ಲಿ ಎಂಟನೆಯ ತರಗತಿ ಓದುತ್ತಿರುವ, ವರ್ಷಕ್ಕೆ ಮೂರೂವರೆ ಲಕ್ಷ ರೂಪಾಯಿಗಿಂತ ಹೆಚ್ಚು ವರಮಾನವಿಲ್ಲದ ಮನೆಯ ಮಕ್ಕಳು ಇದರ ಪರೀಕ್ಷೆಗೆ ಕೂರಬಹುದು. ಏಳನೆಯ ತರಗತಿಯಲ್ಲಿ ನೂರಕ್ಕೆ 55 ಅಂಕಗಳು ಬಂದಿರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಐದು ಅಂಕಗಳ ರಿಯಾಯಿತಿ. ಬುದ್ಧಿಶಕ್ತಿಯನ್ನು ಅಳೆಯುವ 90 ಪ್ರಶ್ನೆಗಳು, ಓದಿದ ಪಾಠಗಳ ಮೇಲೆ 90 ಪ್ರಶ್ನೆಗಳು. ದೇಶದಲ್ಲಿ ವರ್ಷಕ್ಕೆ 1 ಲಕ್ಷ ಮಕ್ಕಳಿಗೆ ಇದು ದೊರೆಯುವಂತೆ ಏರ್ಪಾಡಾಗಿದೆ. ಆಯ್ಕೆಯಾದವರಿಗೆ ಒಂಬತ್ತನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. 2017ಕ್ಕೆ ಮುಂಚೆ ಅದು ಇದರ ಅರ್ಧದಷ್ಟಿತ್ತು. ನಾಲ್ಕು ವರ್ಷಗಳಿಗೆ 48,000 ರೂಪಾಯಿ. ಅಡಿಕೆ ಸುಲಿದು ಬದುಕುವ ಮನೆಯಲ್ಲಿ ಈ ಮೊತ್ತಕ್ಕೆ ಏನು ಅರ್ಥವೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಈ ಪರೀಕ್ಷೆಗೆ ಎಂಟನೆಯ ತರಗತಿಯಲ್ಲಿ ಕೂರದವನು ಒಂಬತ್ತನೆಯ ತರಗತಿಯಲ್ಲಿ ಕೂರುವಂತಿಲ್ಲ. ಅರ್ಜಿಯು ಶಾಲೆಯ ಮೂಲಕ ಹೋಗಬೇಕು. ವರಮಾನದ ಪ್ರಮಾಣಪತ್ರವನ್ನು ಮನೆಯವರು ನಾಡಕಚೇರಿಯಿಂದ ತರಬೇಕು. ಆಯ್ಕೆಯಾದ ಮೇಲೂ ಪ್ರತಿವರ್ಷ ಅರ್ಜಿಯನ್ನು ನವೀಕರಿಸಬೇಕು. ಅದನ್ನು ಮರೆತು, ಗೆದ್ದ ವೇತನವನ್ನು ಅರ್ಧದಲ್ಲಿ ಕಳೆದುಕೊಂಡ ಮಕ್ಕಳೂ ಇದ್ದಾರೆ. ಶಾಲೆ ಮತ್ತು ಮನೆ ಎರಡೂ ಒಂದೇ ವಾರದಲ್ಲಿ ಎಚ್ಚರಗೊಂಡರೆ ಮಾತ್ರ ಆಗುವ ಕೆಲಸವಿದು.

ನವೋದಯ ವಿದ್ಯಾಲಯಗಳದೂ ಇದೇ ಕಥೆ. 1986ರಿಂದ ನಡೆದುಬಂದಿರುವ ಈ ವಸತಿ ಶಾಲೆಗಳಲ್ಲಿ ಆರನೆಯ ತರಗತಿಯ ಸ್ಥಾನಗಳಲ್ಲಿ ಮುಕ್ಕಾಲು ಪಾಲು ಗ್ರಾಮಾಂತರದ ಮಕ್ಕಳಿಗೆ ಮೀಸಲು. ನಮ್ಮ ಜಿಲ್ಲೆಯದು ಬಾಳೆಹೊನ್ನೂರಿನ ಕಡೆ ಇದೆ. ಪ್ರವೇಶಪರೀಕ್ಷೆ ಐದನೆಯ ತರಗತಿಯಲ್ಲಿ, ಅದೂ ಒಂದೇ ಸಲ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು, ಆದರ್ಶ ವಿದ್ಯಾಲಯ, ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳು, ಪ್ರತಿಭಾ ಕಾರಂಜಿ—ಪಟ್ಟಿಯನ್ನು ಬೆಳೆಸುವುದು ಕಷ್ಟವಲ್ಲ. ಪಟ್ಟಿ ದೊಡ್ಡದಾದಷ್ಟೂ ಅದರ ಸುದ್ದಿ ಮನೆಗೆ ಮುಟ್ಟದಿರುವ ನೋವೂ ದೊಡ್ಡದು.

ಕಳೆದ ವರ್ಷ ನಮ್ಮ ತರಗತಿಗೆ ಸೇರಿದ ಒಬ್ಬ ಹುಡುಗಿ ಪುಸ್ತಕಕ್ಕೆ ಹಣವಿಲ್ಲವೆಂದು ತಾಯಿಯೊಡನೆ ಬಂದು ನಿಂತಳು. ಊರಿನ ಹೆಸರೂ ಶಾಲೆಯ ಹೆಸರೂ ಇಲ್ಲಿ ಬೇಡ. ಓದಿನಲ್ಲಿ ಚುರುಕು, ಏಳನೆಯ ತರಗತಿಯ ಅಂಕಗಳು ಬೇಕಾದುದಕ್ಕಿಂತ ಎಷ್ಟೋ ಹೆಚ್ಚು. ಎಂಟನೆಯ ತರಗತಿಯಲ್ಲಿ ಆ ಪರೀಕ್ಷೆ ಬರೆಯಲಿಲ್ಲವೇ ಎಂದು ಕೇಳಿದೆವು. ‘ಅಂಥಾದ್ದೊಂದು ಇದೆ ಅಂತಾನೇ ಗೊತ್ತಿರಲಿಲ್ಲ ಸಾರ್’ ಎಂದಳು. ಪರೀಕ್ಷೆ ಎಂಥದೆಂದು ತಾಯಿಗೆ ವಿವರಿಸಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಯಾರಾದ್ರೂ ಒಂದ್ ಮಾತು ಹೇಳಿದ್ರೆ ಒಂದಿನದ ಕೂಲಿ ಬಿಟ್ಟು ಬತ್ತಿದ್ದೆ ಸ್ವಾಮಿ’ ಎಂದಳು. ಆ ಮಾತಿನಲ್ಲಿ ದೂರಿರಲಿಲ್ಲ. ದೂರಿದ್ದರೆ ನಮಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಮುಂದೆ ಬೇರೊಂದು ಸಂದರ್ಭದಲ್ಲಿ ಆ ಶಾಲೆಯ ಉಪಾಧ್ಯಾಯರೊಬ್ಬರು ಸಿಕ್ಕರು. ಸಜ್ಜನರು. ಆ ವರ್ಷದ ಸುತ್ತೋಲೆ ಬಂದದ್ದೂ ಉಂಟು, ಅದನ್ನು ಸೂಚನಾಫಲಕದ ಮೇಲೆ ಹಚ್ಚಿದ್ದೂ ಉಂಟು ಎಂದರು. ‘ಎಲ್ಲರಿಗೂ ತಿಳಿಸಲಾಗಿತ್ತು’ ಎಂಬುದು ಅವರ ಮಾತು. ನಾವು ಅವರನ್ನು ಆಕ್ಷೇಪಿಸಲಿಲ್ಲ. ಆದರೆ ಕನ್ನಡ ಬೋಧಿಸುವವರ ಕಿವಿಗೆ ಆ ಕ್ರಿಯಾಪದ ಚುಚ್ಚಿತು. ‘ತಿಳಿಸು’ ಎಂಬುದು ‘ತಿಳಿ’ ಎಂಬ ಧಾತುವಿಗೆ ‘ಇಸು’ ಸೇರಿ ಆದ ಪ್ರೇರಣಾರ್ಥಕ ರೂಪ. ಉಣ್ಣಿಸು ಎಂದರೆ ಇನ್ನೊಬ್ಬನು ಉಂಡಿರಬೇಕು. ನಗಿಸು ಎಂದರೆ ಎದುರಿನವನು ನಕ್ಕಿರಬೇಕು. ಇನ್ನೊಬ್ಬನು ತಿಳಿಯದೆ ತಿಳಿಸುವುದೆಂತು? ‘ತಿಳಿಸಲಾಗಿದೆ’ ಎಂದಾಗಲಂತೂ ತಿಳಿಸಿದವನೂ ಮಾಯವಾಗುತ್ತಾನೆ, ತಿಳಿದವನೂ ಮಾಯವಾಗುತ್ತಾನೆ, ಕಡತವೊಂದೇ ಉಳಿಯುತ್ತದೆ. ನಮ್ಮ ಕಚೇರಿಗಳ ಕನ್ನಡಕ್ಕೆ ಈ ಕರ್ಮಣಿಪ್ರಯೋಗದ ಮೇಲಿರುವ ಪ್ರೀತಿ ಅಷ್ಟಿಷ್ಟಲ್ಲ.

ತಪ್ಪು ಉಪಾಧ್ಯಾಯರದೊಂದೇ ಎಂದರೆ ಅನ್ಯಾಯವಾದೀತು. ಹಳ್ಳಿಯ ಶಾಲೆಯಲ್ಲಿ ಇಬ್ಬರೋ ಮೂವರೋ ಇರುತ್ತಾರೆ. ಪಾಠ, ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಚುನಾವಣೆಯ ಕೆಲಸ, ಗಣತಿಯ ಕೆಲಸ. ಇವುಗಳ ನಡುವೆ ದಿನಕ್ಕೆ ಹತ್ತು ಸಂದೇಶಗಳು ಮೊಬೈಲಿಗೆ ಬಂದು ಬೀಳುತ್ತವೆ. ಯಾವುದು ಇಂದೇ ಆಗಬೇಕಾದದ್ದು, ಯಾವುದು ತಡೆದರೂ ನಡೆಯುವುದು ಎಂದು ಹೆಕ್ಕುವ ವ್ಯವಧಾನ ಎಲ್ಲಿಯದು? ಸುತ್ತೋಲೆಯಾದರೂ ಎಂಥದು! ಮೊದಲ ಅರ್ಧ ಪುಟ ಉಲ್ಲೇಖಗಳು. ಅನಂತರ ಒಂದೇ ವಾಕ್ಯ, ಅದರ ಕ್ರಿಯಾಪದ ಪುಟದ ಕೊನೆಯಲ್ಲಿ. ಕಡೆಯ ದಿನಾಂಕ ಎಲ್ಲಿದೆಯೆಂದು ಎಂ.ಎ. ಓದಿದ ನಾವೇ ಬೆರಳಿಟ್ಟು ಹುಡುಕಬೇಕಾಗುತ್ತದೆ.

ಇನ್ನು ಮನೆಗಳ ಸ್ಥಿತಿ. ಕಡೂರು, ತರೀಕೆರೆ, ಅಜ್ಜಂಪುರಗಳ ಬಯಲಿನ ಹಳ್ಳಿಗಳಿಂದ, ತಾಂಡಾಗಳಿಂದ, ಚಳಿಗಾಲ ಬಂದೊಡನೆ ಮಲೆನಾಡಿನ ಕಾಫಿ ತೋಟಗಳಿಗೆ ಹಣ್ಣು ಕೊಯ್ಯಲು ಹೋಗುವವರಿದ್ದಾರೆ. ಮಗು ಅಜ್ಜಿಯ ಬಳಿ ಉಳಿಯುತ್ತದೆ. ಶಾಲೆಯ ವಾಟ್ಸಾಪ್ ಗುಂಪಿನ ಸಂದೇಶ ತಂದೆಯ ಫೋನಿಗೆ ಹೋಗುತ್ತದೆ. ಫೋನು ತಂದೆಯ ಜೇಬಿನಲ್ಲಿ ತೋಟದಲ್ಲಿರುತ್ತದೆ. ತಾಯಿಗೆ ಓದು ಬಾರದು. 2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ನೂರಕ್ಕೆ 75.36, ಹೆಂಗಸರಲ್ಲಿ 68.08. ಎಂದರೆ, ಅಂದು ಮೂವರಲ್ಲಿ ಒಬ್ಬಳ ಕೈಗೆ ಕೊಟ್ಟ ಕಾಗದ ಬರಿಯ ಕಾಗದವೇ ಆಗಿತ್ತು. ಪಟ್ಟಣದ ಖಾಸಗಿ ಶಾಲೆಯ ಮಗುವಿಗೆ ದಿನಚರಿಯ ಪುಸ್ತಕವಿದೆ, ಅದಕ್ಕೆ ಸಹಿ ಹಾಕುವ ತಾಯಿ ಇದ್ದಾಳೆ, ತಿಂಗಳಿಗೊಂದು ಸಭೆ ಇದೆ. ಬೇಕಾದವರಿಗಿಂತ ಬೇಡದವರಿಗೇ ಸುದ್ದಿ ಚೆನ್ನಾಗಿ ಮುಟ್ಟುತ್ತಿದೆ. 2013ರಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಓಡತೊಡಗಿ ಸಖರಾಯಪಟ್ಟಣಕ್ಕೂ ನಿಲ್ದಾಣ ಬಂದಿತು. ಆದರೆ ಶಾಲೆಯ ಫಲಕದಿಂದ ಪಕ್ಕದ ಕೇರಿಗೆ ಸುದ್ದಿ ಇನ್ನೂ ನಡೆದೂ ತಲುಪಿಲ್ಲ.

ಕಾನೂನು ಈ ವಿಷಯದಲ್ಲಿ ಹಿಂದುಳಿದಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ನಮ್ಮಲ್ಲಿ 2001ರಲ್ಲೇ ಹುಟ್ಟಿದವು. 2010ರ ಏಪ್ರಿಲಿನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳು, ಅರ್ಧದಷ್ಟು ಹೆಂಗಸರು ಇರಬೇಕೆಂದು ವಿಧಿಸಿತು. ‘ಸಮುದಾಯದತ್ತ ಶಾಲೆ’ ಎಂಬ ಹೆಸರಿನಲ್ಲಿ ಪೋಷಕರನ್ನು ಕರೆದು ಮಕ್ಕಳ ಪ್ರಗತಿಯನ್ನು ತೋರಿಸುವ ಕಾರ್ಯಕ್ರಮವೂ ಉಂಟು. ಆದರೆ ಸಮಿತಿಯ ಸಭೆಯೆಂದರೆ ಅನೇಕ ಕಡೆ ಕಾಂಪೌಂಡು ಗೋಡೆ, ಶೌಚಾಲಯ, ಸಹಿ, ಕಾಫಿ. ಮುಂದಿನ ತಿಂಗಳು ಯಾವ ಅರ್ಜಿ ಹೋಗಬೇಕು, ಯಾವ ಮಕ್ಕಳದು ಹೋಗಿಲ್ಲ ಎಂಬ ಪ್ರಶ್ನೆಯನ್ನು ಎಷ್ಟು ಸಭೆಗಳಲ್ಲಿ ಕೇಳುತ್ತಾರೆ?

ಈ ಸೀಮೆಯೇ ಕೊಟ್ಟ ಒಂದು ಕಾವ್ಯದ ನೆನಪು ಇಲ್ಲಿ ಬರುತ್ತದೆ. ಜೈಮಿನಿ ಭಾರತದ ಲಕ್ಷ್ಮೀಶನು ಕಡೂರು ತಾಲ್ಲೂಕಿನ ದೇವನೂರಿನವನೆಂಬುದು ಬಹುಮಂದಿ ವಿದ್ವಾಂಸರ ಮತ. ಅವನ ಚಂದ್ರಹಾಸನು ತನ್ನ ಮರಣದ ಆಜ್ಞೆಯನ್ನೇ ಬರೆದ ಓಲೆಯನ್ನು ಒಳಗೇನಿದೆಯೆಂದರಿಯದೆ ಹೊತ್ತು ನಡೆದು, ಉಪವನದಲ್ಲಿ ಮಲಗಿ ನಿದ್ದೆಹೋಗುತ್ತಾನೆ. ವಿಷಯೆ ಅದನ್ನು ತೆಗೆದು ಓದಿ, ವಿಷವನ್ನು ವಿಷಯೆಯನ್ನಾಗಿ ತಿದ್ದಿದ್ದರಿಂದ ಅವನು ಉಳಿದ. ನಮ್ಮ ಮಕ್ಕಳ ಚೀಲಗಳಲ್ಲಿರುವುದು ಮರಣದ ಓಲೆಯಲ್ಲ, ಭಾಗ್ಯದ ಓಲೆ. ಆದರೂ ತೆಗೆದು ಓದುವವರಿಲ್ಲದೆ ತಿಂಡಿಯ ಡಬ್ಬಿಯ ಕೆಳಗೆ ಮಡಿಕೆ ಬಿದ್ದು ಹರಿದುಹೋಗುತ್ತದೆ. ಆ ಕಾವ್ಯವನ್ನು ನಮ್ಮ ಹಳ್ಳಿಯ ಜನ ಬಲ್ಲರಾದರೂ ಹೇಗೆ? ಓದಿ ಅಲ್ಲ, ಕೇಳಿ. ಚಾವಡಿಯಲ್ಲಿ ಗಮಕಿ ಓದಿದ, ಇನ್ನೊಬ್ಬರು ಅರ್ಥ ಹೇಳಿದರು; ಅಕ್ಷರವರಿಯದ ಒಕ್ಕಲಿಗನು ವಾರ್ಧಕ ಷಟ್ಪದಿಯ ಒಂದೊಂದು ತಿರುವನ್ನೂ ಬಲ್ಲವನಾದ. ಅಷ್ಟು ಜಟಿಲವಾದ ಕಾವ್ಯವನ್ನು ಕಿವಿಯಿಂದ ಮನೆಗೆ ಒಯ್ದ ಜನಕ್ಕೆ ಒಂದು ವಿದ್ಯಾರ್ಥಿವೇತನದ ವಿವರ ತಿಳಿಯದೆಂದು ನಂಬುವುದು ನಮ್ಮ ಸೋಮಾರಿತನವಲ್ಲದೆ ಬೇರೆ ಅಲ್ಲ.

ಹೀಗೆ ಮುಟ್ಟಿಸಿದ್ದಕ್ಕೆ ಉದಾಹರಣೆಗಳೂ ಇವೆ. ಹಿಂದೆ ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿಯವರು ಹೊಸದಾಗಿ ಅಕ್ಷರ ಕಲಿತವರಿಗೆಂದೇ ‘ಬೆಳಕು’ ಎಂಬ ವಾರಪತ್ರಿಕೆಯನ್ನು ಹೊರಡಿಸುತ್ತಿದ್ದರು. 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ‘ವಿದ್ಯಾಗಮ’ದ ಹೆಸರಿನಲ್ಲಿ ಉಪಾಧ್ಯಾಯರು ತಾವೇ ಕೇರಿಕೇರಿಗೆ ಹೋಗಿ, ದೇವಸ್ಥಾನದ ಜಗಲಿಯಲ್ಲಿ, ಮರದ ನೆರಳಿನಲ್ಲಿ ಮಕ್ಕಳನ್ನು ಕೂಡಿಸಿದರು. ಯಾವ ಮನೆಯಲ್ಲಿ ಫೋನಿದೆ, ಯಾರ ತಾಯಿ ಯಾವ ಹೊತ್ತಿಗೆ ಮನೆಯಲ್ಲಿರುತ್ತಾಳೆ ಎಂಬುದು ಆಗ ಅನೇಕ ಉಪಾಧ್ಯಾಯರಿಗೆ ಮೊದಲ ಸಲ ತಿಳಿಯಿತು. ಆ ಕಾರ್ಯಕ್ರಮವನ್ನು ಅದೇ ಅಕ್ಟೋಬರಿನಲ್ಲಿ ತಡೆಹಿಡಿದರು. ಅದರ ಜೊತೆಗೆ ಆ ಪರಿಚಯವೂ ತೆಳ್ಳಗಾಯಿತು.

ಆದ್ದರಿಂದ ಹೊಸ ಯೋಜನೆ ಯಾವುದನ್ನೂ ನಾವು ಕೇಳುವುದಿಲ್ಲ. ಇರುವುದನ್ನು ಬಾಯಿಯಿಂದ ಹೇಳಿರಿ ಎಂಬುದಷ್ಟೇ ನಮ್ಮ ಬಿನ್ನಹ. ಐದರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ವರ್ಷದಲ್ಲಿ ಬರುವ ಪರೀಕ್ಷೆ, ಅರ್ಜಿ, ಸ್ಪರ್ಧೆಗಳನ್ನು ಒಂದೇ ಹಾಳೆಯಲ್ಲಿ, ಯಾವ ತಿಂಗಳಲ್ಲಿ ಏನು ಬರಬಹುದೆಂದು ಬರೆದು, ಶಾಲೆ ತೆರೆಯುವ ವಾರದಲ್ಲೇ ಹಂಚಬೇಕು. ವರಮಾನದ ಪ್ರಮಾಣಪತ್ರವನ್ನು ಆಗಲೇ ಮಾಡಿಸಿಟ್ಟರೆ ಕೊನೆಯ ದಿನದ ಓಡಾಟ ತಪ್ಪುತ್ತದೆ. ಸಂತೆಯ ದಿನ ಹೇಳಿದ ಮಾತು ಹೋಬಳಿಯನ್ನೆಲ್ಲ ಮುಟ್ಟುತ್ತದೆ. ನ್ಯಾಯಬೆಲೆ ಅಂಗಡಿಯ ಮುಂದೆ, ಹಾಲಿನ ಡೈರಿಯ ಮುಂದೆ ಹೆಂಗಸರು ಸಾಲು ನಿಲ್ಲುತ್ತಾರೆ. ಸೂಚನಾಫಲಕವೆಂದರೆ ಅಂಥ ಸ್ಥಳ.

ಬರೆಯುವ ಬಗೆ ಹೇಗೆಂದರೆ: ‘ನಿಮ್ಮ ಮಗಳು ಎಂಟನೆಯ ತರಗತಿಯಲ್ಲಿದ್ದಾಳೆ. ಒಂದು ಪರೀಕ್ಷೆ ಇದೆ. ಗೆದ್ದರೆ ನಾಲ್ಕು ವರ್ಷ, ವರ್ಷಕ್ಕೆ ಹನ್ನೆರಡು ಸಾವಿರ ರೂಪಾಯಿ ಬರುತ್ತದೆ. ವರಮಾನದ ಕಾಗದ ಬೇಕು, ನಾಡಕಚೇರಿಯಲ್ಲಿ ಸಿಗುತ್ತದೆ. ಇಂಥ ದಿನದೊಳಗೆ ಶಾಲೆಗೆ ತನ್ನಿ. ತಿಳಿಯದಿದ್ದರೆ ಮೇಷ್ಟರನ್ನು ಕೇಳಿ.’ ಇದಕ್ಕಿಂತ ಹೆಚ್ಚಿನ ಕನ್ನಡ ಬೇಕಾಗಿಲ್ಲ. ಇದನ್ನು ಏಳನೆಯ ತರಗತಿಯ ಮಗುವೇ ಮನೆಯಲ್ಲಿ ಗಟ್ಟಿಯಾಗಿ ಓದಿ, ಕೇಳಿದವರ ಹೆಬ್ಬೆಟ್ಟನ್ನೋ ಸಹಿಯನ್ನೋ ತಂದು ತೋರಿಸಲಿ. ಸಹಿ ಬಾರದ ಮನೆಗಳು ನಾಲ್ಕೋ ಐದೋ ಉಳಿದಾವು. ಅಲ್ಲಿಗೆ ಸಮಿತಿಯ ಸದಸ್ಯರೊಬ್ಬರು ಹೋಗಿ ಬಂದರೆ ಒಂದು ಸಂಜೆಯ ಕೆಲಸ.

ಕಾಲೇಜಿನ ವಿದ್ಯಾರ್ಥಿಗಳೂ ಇದರಲ್ಲಿ ಕೈಗೂಡಿಸಬಹುದು. ಮೇಲೆ ಹೇಳಿದ ಹುಡುಗಿಗೆ ಪುಸ್ತಕದ ಏರ್ಪಾಡು ಹೇಗೋ ಆಯಿತು. ಈಗ ಅವಳು ಭಾನುವಾರ ತನ್ನ ಕೇರಿಯ ಎಂಟನೆಯ ತರಗತಿಯ ಮಕ್ಕಳನ್ನು ಜಗಲಿಯ ಮೇಲೆ ಕೂಡಿಸಿಕೊಂಡು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುತ್ತಿದ್ದಾಳೆ. ಆರು ಮಕ್ಕಳಿದ್ದಾರಂತೆ. ಅವರಲ್ಲಿ ಇಬ್ಬರ ತಂದೆತಾಯಿಗಳು ತೋಟಕ್ಕೆ ಹೋಗಿದ್ದಾರೆ. ವರಮಾನದ ಕಾಗದಕ್ಕೆ ಅಜ್ಜಿ ಹೋಗಿ ಅರ್ಜಿ ಕೊಟ್ಟರೆ ನಡೆಯುತ್ತದೆಯೇ ಎಂದು ಕಳೆದ ವಾರ ಕೇಳಿದಳು. ವಿಚಾರಿಸಿ ಹೇಳುತ್ತೇವೆಂದು ಒಪ್ಪಿಕೊಂಡಿದ್ದೇವೆ.