ಬಾಣಂತನ ಮುಗಿದ ಮೇಲೆ
ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರಿದರೆ ‘ಹೆತ್ತ ಮೇಲೆ ಇದೆಲ್ಲ ಇದ್ದದ್ದೇ’ ಎಂದು ತಾಯಂದಿರು ವರ್ಷಗಟ್ಟಲೆ ನುಂಗಿಕೊಳ್ಳುತ್ತಾರೆ. ಶ್ರೋಣಿ ತಳದ ಸ್ನಾಯುಗಳು ಸಡಿಲಗೊಂಡು ಬರುವ ಈ ತೊಂದರೆ, ಸರಿಯಾದ ಮಾರ್ಗದರ್ಶನದಲ್ಲಿ ಕನಿಷ್ಠ ಮೂರು ತಿಂಗಳು ಆ ಸ್ನಾಯುಗಳ ವ್ಯಾಯಾಮ ಮಾಡಿದರೆ ಅನೇಕರಲ್ಲಿ ತಗ್ಗುತ್ತದೆ. ಸಿಸೇರಿಯನ್ ಆದವರಿಗೆ ಈ ಕಾಟವಿಲ್ಲ ಎಂಬ ನಂಬಿಕೆಯೂ ಅರೆನಿಜ: 2003ರಲ್ಲಿ ಪ್ರಕಟವಾದ ನಾರ್ವೆಯ ದೊಡ್ಡ ಅಧ್ಯಯನದಲ್ಲಿ ಸಹಜ ಹೆರಿಗೆಯಾದವರಲ್ಲಿ ಶೇ 21, ಸಿಸೇರಿಯನ್ ಆದವರಲ್ಲಿ ಶೇ 15.9, ಹೆರದವರಲ್ಲಿ ಶೇ 10.1 ಮಂದಿಗೆ ಮೂತ್ರ ಸೋರಿಕೆಯಿತ್ತು. ನಮ್ಮಲ್ಲಿ ಆಶಾ ಕಾರ್ಯಕರ್ತೆಯರು ಹೆರಿಗೆಯಾದ 42ನೇ ದಿನದವರೆಗೆ ಮನೆಗೆ ಬರುತ್ತಾರೆ, ಮುಖ್ಯವಾಗಿ ಮಗುವಿಗಾಗಿ. ಆಗ ತಾಯಿಯ ಈ ತೊಂದರೆಯನ್ನೂ ಅವರು ವಿಚಾರಿಸಲಿ. ದುಡಿದು ಹಣ್ಣಾದ ಅವರ ಮೇಲೆ ಇನ್ನೊಂದು ಹೊರೆಯೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅವರು ತಾಯಿಯನ್ನು ಕೇಳಬೇಕಿರುವುದು ‘ಮೂತ್ರ ಸೋರುತ್ತದೆಯೇ?’ ಎಂಬ ಒಂದೇ ಪ್ರಶ್ನೆ; ಚಿಕಿತ್ಸೆಯ ಹೊಣೆ ತಾಲ್ಲೂಕು ಆಸ್ಪತ್ರೆಯ ಫಿಸಿಯೋಥೆರಪಿಸ್ಟ್‌ಗೆ ಸೇರಬೇಕು. ಆ ಹುದ್ದೆ ಇಲ್ಲದ ಕಡೆ ಸರ್ಕಾರ ಮೊದಲು ಅದನ್ನು ಸೃಷ್ಟಿಸಲಿ.